ಚಾಲನೆಯಲ್ಲಿರುವ ವಿಎಂಗೆ ಡಿಸ್ಕ್ ಸೇರಿಸುವುದು: ಯಂತ್ರ ನಿಲ್ಲಿಸದೆ ಮಾಡಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜು ಗ್ರಂಥಾಲಯದ ಹಳೆಯ ಪ್ರಶ್ನೆಪತ್ರಿಕೆಗಳು, ಪ್ರಾಜೆಕ್ಟ್ ವರದಿಗಳು ಮತ್ತು ಸ್ಕ್ಯಾನ್ ಮಾಡಿದ ಪುಸ್ತಕಗಳು ಡಿ-ಸ್ಪೇಸ್ ತಂತ್ರಾಂಶದಲ್ಲಿವೆ. ಅದು ಉಬುಂಟು 22.04 ಇರುವ ಒಂದು ವರ್ಚುವಲ್ ಮಷೀನ್‌ನಲ್ಲಿ (ವಿಎಂ, ಅಂದರೆ ತಂತ್ರಾಂಶದಿಂದ ರಚಿಸಿದ ಯಂತ್ರ) ನಡೆಯುತ್ತಿದೆ. ವಿಎಂ ಅನ್ನು ಹೊತ್ತಿರುವ ಹೋಸ್ಟ್ ಯಂತ್ರವೂ ಉಬುಂಟುವೇ. ವಿಎಂ ನಡೆಸಲು ಕೆವಿಎಂ, ಅದನ್ನು ನಿರ್ವಹಿಸಲು ಲಿಬ್‌ವರ್ಟ್ ಬಳಸುತ್ತಿದ್ದೇವೆ. ವಿಎಂಗೆ 80 ಜಿಬಿಯ ಒಂದೇ ಕ್ಯೂಕೌ2 ಡಿಸ್ಕ್ (ಹೋಸ್ಟ್‌ನಲ್ಲಿ ಫೈಲಾಗಿರುವ ಡಿಸ್ಕ್) ಇದೆ. 'ಡಿಎಫ್' ಕಮಾಂಡ್ ಕೊಟ್ಟರೆ ಕಾರ್ಯಾಚರಣ ವ್ಯವಸ್ಥೆ ಇರುವ ರೂಟ್ ಫೈಲ್ ಸಿಸ್ಟಂ 39 ಜಿಬಿ ಎಂದೂ ಅದರಲ್ಲಿ 94 ಪ್ರತಿಶತ ತುಂಬಿದೆ ಎಂದೂ ಬರುತ್ತದೆ. ಸೆಮಿಸ್ಟರ್ ಪರೀಕ್ಷೆ ಹತ್ತಿರವಿರುವುದರಿಂದ ವಿದ್ಯಾರ್ಥಿಗಳು ರಾತ್ರಿಯೂ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುತ್ತಾರೆ. ಯಂತ್ರವನ್ನು ಆಫ್ ಮಾಡಲು ಅನುಮತಿ ಸಿಗುವುದಿಲ್ಲ.

ಪ್ರಯೋಗಕ್ಕೆಂದೇ ಇರುವ ಇನ್ನೊಂದು ವಿಎಂನಲ್ಲಿ ಮೊದಲು ಪರೀಕ್ಷಿಸಿದೆ. ಹೋಸ್ಟ್‌ನಲ್ಲಿ 500 ಜಿಬಿಯ ಕ್ಯೂಕೌ2 ಫೈಲ್ ರಚಿಸಿ, ಲಿಬ್‌ವರ್ಟ್‌ನ 'ವಿರ್ಶ್ ಅಟ್ಯಾಚ್-ಡಿಸ್ಕ್' ಕಮಾಂಡ್ ಮೂಲಕ ಜೋಡಿಸಿದಾಗ ಯಾವ ದೋಷವೂ ಬರಲಿಲ್ಲ. ವಿಎಂ ಒಳಗೆ 'ವಿಡಿಬಿ' ಎಂಬ ಹೊಸ ಡಿಸ್ಕ್ ಕೂಡಲೇ ಕಾಣಿಸಿತು, ಆದರೆ ಅದರ ಗಾತ್ರ 500 ಜಿಬಿಯಲ್ಲ, 200 ಕಿಲೋಬೈಟ್ ಸುತ್ತಮುತ್ತ. ರೀಬೂಟ್ ಮಾಡಿದರೆ ಸರಿಯಾಗುತ್ತದೆಯೇ? ಹೊಸ ಡಿಸ್ಕ್ ಸೇರಿಸುವುದಕ್ಕಿಂತ ಇರುವ 80 ಜಿಬಿಯನ್ನೇ ದೊಡ್ಡದು ಮಾಡುವುದು ಉತ್ತಮವೇ? ತಿಳಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಡಿಸ್ಕ್ ಸೇರಿಸುವ ಮಾತಿಗೆ ಮೊದಲು, ನಿಮ್ಮ ಮುಖ್ಯ ವಿಎಂ ಒಳಗೆ 'ವಿಜಿಎಸ್' ಕಮಾಂಡ್ ಕೊಟ್ಟು ಕೊನೆಯ ಅಂಕಣವಾದ 'ವಿಫ್ರೀ' ಎಷ್ಟು ತೋರಿಸುತ್ತದೆ ನೋಡಿ. 80 ಜಿಬಿ ಡಿಸ್ಕಿನಲ್ಲಿ ರೂಟ್‌ಗೆ 39 ಜಿಬಿ ಮಾತ್ರ ಸಿಕ್ಕಿದೆ ಎಂದರೆ ಉಳಿದ ಅರ್ಧ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಗುಂಪಾಗಿಸಿ ಲಾಜಿಕಲ್ ವಾಲ್ಯೂಮ್‌ಗಳಿಗೆ ಹಂಚುವ ವ್ಯವಸ್ಥೆ) ಗುಂಪಿನಲ್ಲಿ ಯಾರಿಗೂ ಹಂಚಿಕೆಯಾಗದೆ ಕುಳಿತಿರುವ ಸಾಧ್ಯತೆಯೇ ಹೆಚ್ಚು. ಉಬುಂಟು ಸರ್ವರ್‌ನ ಇನ್‌ಸ್ಟಾಲರ್ ಎಲ್‌ವಿಎಂ ಆಯ್ಕೆಯಲ್ಲಿ ಪೂರ್ವನಿಯೋಜಿತವಾಗಿ ನಡೆದುಕೊಳ್ಳುವ ರೀತಿಯೇ ಅದು: ಗುಂಪಿನ ಗಾತ್ರ 20 ಜಿಬಿಯಿಂದ 200 ಜಿಬಿಯ ನಡುವೆ ಇದ್ದರೆ ಅರ್ಧವನ್ನು ಮಾತ್ರ ರೂಟ್‌ಗೆ ಕೊಡುತ್ತದೆ, 200 ಜಿಬಿ ಮೀರಿದರೆ 100 ಜಿಬಿಗೆ ನಿಲ್ಲಿಸುತ್ತದೆ. ಉಳಿದದ್ದು ಸ್ನ್ಯಾಪ್‌ಶಾಟ್‌ಗೂ ಮುಂದಿನ ವಿಸ್ತರಣೆಗೂ ಇರಲಿ ಎಂಬ ಸದುದ್ದೇಶವೇನೋ ಸರಿ, ಆದರೆ ಇನ್‌ಸ್ಟಾಲ್ ಮಾಡುವವರಲ್ಲಿ ಹೆಚ್ಚಿನವರು ಆ ಪರದೆಯನ್ನು ಓದದೆ ಮುಂದೆ ಹೋಗುತ್ತಾರೆ.

ಜಾಗ ಖಾಲಿ ಇದ್ದರೆ 'ಎಲ್‌ವಿಎಕ್ಸ್‌ಟೆಂಡ್' ಕಮಾಂಡಿಗೆ 'ಆರ್' ಆಯ್ಕೆ ಸೇರಿಸಿ 15 ಜಿಬಿ ಹೆಚ್ಚಿಸಿ. ಆ ಆಯ್ಕೆ ಲಾಜಿಕಲ್ ವಾಲ್ಯೂಮ್‌ನೊಂದಿಗೆ ಫೈಲ್ ಸಿಸ್ಟಂ ಅನ್ನೂ ಬೆಳೆಸುತ್ತದೆ. ರೀಬೂಟ್ ಬೇಡ, ಅನ್‌ಮೌಂಟ್ ಬೇಡ, ಹೋಸ್ಟ್ ಕಡೆ ಕೈಹಾಕುವ ಅಗತ್ಯವೂ ಇಲ್ಲ. ಇರುವ ಜಾಗವನ್ನೆಲ್ಲ ಒಮ್ಮೆಲೇ ಕೊಟ್ಟುಬಿಡಬೇಡಿ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಅನ್ನು ಚಾಲನೆಯಲ್ಲಿರುವಾಗಲೇ ಬೆಳೆಸಬಹುದು, ಕುಗ್ಗಿಸಲು ಮಾತ್ರ ಅನ್‌ಮೌಂಟ್ ಮಾಡಲೇಬೇಕು, ರೂಟ್ ವಿಷಯದಲ್ಲಿ ಅದರ ಅರ್ಥ ಬೇರೆ ಮಾಧ್ಯಮದಿಂದ ಬೂಟ್ ಮಾಡುವುದು. ಪರೀಕ್ಷೆ ಮುಗಿಯುವವರೆಗೆ ಇಷ್ಟು ಸಾಕಾಗಬಹುದು.

ಎರಡನೆಯ ಉತ್ತರ

ಮೇಲಿನವರ ಮಾತು ಸರಿ. ಆದರೆ ಸ್ಕ್ಯಾನ್ ಮಾಡಿದ ಪುಸ್ತಕಗಳು ಬರುತ್ತಲೇ ಇದ್ದರೆ ಆ ಉಳಿದ ಅರ್ಧವೂ ಹೆಚ್ಚು ದಿನ ಬಾಳುವುದಿಲ್ಲ, ಆದ್ದರಿಂದ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರಿಸುತ್ತೇನೆ.

ಆ ಕಿಲೋಬೈಟ್ ಡಿಸ್ಕ್ ರೀಬೂಟ್‌ನಿಂದ ಸರಿಹೋಗುವುದಿಲ್ಲ. ಆಗ ತಾನೇ ರಚಿಸಿದ ಕ್ಯೂಕೌ2 ಫೈಲಿನಲ್ಲಿ ದತ್ತಾಂಶ ಇರುವುದಿಲ್ಲ. ಶೀರ್ಷಿಕೆ ಮತ್ತು ಕೆಲವು ಕೋಷ್ಟಕಗಳು ಮಾತ್ರ ಇರುವುದರಿಂದ ಹೋಸ್ಟ್‌ನಲ್ಲಿ ಅದರ ನಿಜವಾದ ಗಾತ್ರ ಅಷ್ಟೇ. ಜೋಡಿಸುವಾಗ ಫೈಲಿನ ಮಾದರಿ ಯಾವುದೆಂದು ಹೇಳದಿದ್ದರೆ ಲಿಬ್‌ವರ್ಟ್ ಅದನ್ನು 'ರಾ' ಎಂದು ಭಾವಿಸಿ, ಫೈಲಿನ ಬೈಟುಗಳನ್ನೇ ಡಿಸ್ಕಿನ ಬೈಟುಗಳೆಂದು ವಿಎಂಗೆ ತೋರಿಸುತ್ತದೆ. ಮಾದರಿಯನ್ನು ತಾನಾಗಿಯೇ ಊಹಿಸದಿರುವುದು ಸುರಕ್ಷತೆಯ ಕಾರಣಕ್ಕೆ. ಊಹಿಸುವಂತಿದ್ದರೆ ವಿಎಂ ಒಳಗಿನ ಬಳಕೆದಾರನು ತನ್ನ ರಾ ಡಿಸ್ಕಿನ ಮೊದಲ ಭಾಗದಲ್ಲಿ ಸುಳ್ಳು ಕ್ಯೂಕೌ2 ಶೀರ್ಷಿಕೆ ಬರೆದು, ಹೋಸ್ಟ್‌ನ ಬೇರೆ ಫೈಲನ್ನು ಹಿನ್ನೆಲೆ ಫೈಲಾಗಿ ತೋರಿಸಿ ಓದಿಬಿಡಬಹುದಿತ್ತು. ಆ ಸ್ಥಿತಿಯಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಮಾತ್ರ ಹೋಗಬೇಡಿ, ಕ್ಯೂಕೌ2 ಶೀರ್ಷಿಕೆಯೇ ಅಳಿಸಿಹೋಗಬಹುದು. 'ಡಿಟ್ಯಾಚ್-ಡಿಸ್ಕ್' ಮಾಡಿ, 'ಡ್ರೈವರ್' ಎಂಬಲ್ಲಿ ಕ್ಯೂಎಮು (ವಿಎಂಗೆ ಯಂತ್ರಾಂಶ ಒದಗಿಸುವ ತಂತ್ರಾಂಶ), 'ಸಬ್‌ಡ್ರೈವರ್' ಎಂಬಲ್ಲಿ ಕ್ಯೂಕೌ2 ಎಂದು ಸ್ಪಷ್ಟವಾಗಿ ಬರೆದು ಮತ್ತೆ ಜೋಡಿಸಿದರೆ 500 ಜಿಬಿ ಕಾಣಿಸುತ್ತದೆ.

ಅದೇ ಕಮಾಂಡಿನಲ್ಲಿ ಇನ್ನೆರಡು ಆಯ್ಕೆಗಳನ್ನು ಮರೆಯಬಾರದು. 'ಪರ್ಸಿಸ್ಟೆಂಟ್' ಇಲ್ಲದಿದ್ದರೆ ಡಿಸ್ಕ್ ಈಗ ನಡೆಯುತ್ತಿರುವ ವಿಎಂಗೆ ಮಾತ್ರ ಸೇರುತ್ತದೆ. ವಿಎಂ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದ ದಿನ ಅದು ಇರುವುದಿಲ್ಲ. 'ಸೀರಿಯಲ್' ಆಯ್ಕೆಯಲ್ಲಿ 'ಅಸೆಟ್01' ಎಂಬಂಥ ಗುರುತು ಕೊಟ್ಟರೆ ವಿಎಂ ಒಳಗೆ 'ಬೈ-ಐಡಿ' ಫೋಲ್ಡರಿನಲ್ಲಿ ಡಿಸ್ಕ್ ಆ ಗುರುತಿರುವ ಹೆಸರಿನಿಂದ ಸಿಗುತ್ತದೆ, ಯಾವುದು ವಿಡಿಬಿ ಯಾವುದು ವಿಡಿಸಿ ಎಂದು ಗಾತ್ರ ನೋಡಿ ಊಹಿಸುವ ಪ್ರಮೇಯ ಬರುವುದಿಲ್ಲ. ವರ್ಟ್‌ಐಒ (ವಿಎಂಗಳಿಗೆಂದೇ ಇರುವ ಮಾದರಿ) ಡಿಸ್ಕಿಗೆ ಈ ಗುರುತು 20 ಅಕ್ಷರ ಮೀರುವಂತಿಲ್ಲ.

ವಿಡಿಎ, ವಿಡಿಬಿ ಎಂದು ಬರುವ ವರ್ಟ್‌ಐಒ ಡಿಸ್ಕುಗಳು ಪ್ರತಿಯೊಂದೂ ಒಂದೊಂದು ಪಿಸಿಐ ಜಾಗವನ್ನು ತಿನ್ನುತ್ತವೆ. ನಿಮ್ಮ ವಿಎಂ 'ಕ್ಯೂ35' ಮಾದರಿಯದಾಗಿದ್ದು ಖಾಲಿ ರೂಟ್ ಪೋರ್ಟ್ (ಪಿಸಿಐ ಸಾಧನ ಜೋಡಿಸುವ ಜಾಗ) ಉಳಿದಿಲ್ಲವಾದರೆ ಪಿಸಿಐ ಸ್ಲಾಟ್ ಲಭ್ಯವಿಲ್ಲ ಎಂಬ ದೋಷ ಬರುತ್ತದೆ, ಪೋರ್ಟ್ ಸೇರಿಸಲು ಒಮ್ಮೆ ಆಫ್ ಮಾಡಲೇಬೇಕಾಗುತ್ತದೆ. ವರ್ಟ್‌ಐಒ-ಸ್ಕಸಿ ನಿಯಂತ್ರಕ ಮೊದಲೇ ಇದ್ದರೆ ಈ ತಾಪತ್ರಯವಿಲ್ಲ, ಒಂದೇ ನಿಯಂತ್ರಕದ ಕೆಳಗೆ ಬೇಕಾದಷ್ಟು ಡಿಸ್ಕುಗಳು ಸೇರುತ್ತವೆ. ಹೊಸ ವಿಎಂ ಕಟ್ಟುವವರು ಇದನ್ನು ಮೊದಲ ದಿನವೇ ಇಟ್ಟುಕೊಳ್ಳುವುದು ಒಳ್ಳೆಯದು. ಐಡಿಇ ಅಥವಾ ಸಾಟಾ ಎಂದು ತೋರಿಸಿದ ಡಿಸ್ಕನ್ನು ಚಾಲನೆಯಲ್ಲಿರುವ ವಿಎಂಗೆ ಲಿಬ್‌ವರ್ಟ್ ಸೇರಿಸುವುದೇ ಇಲ್ಲ.

ದೊಡ್ಡದು ಮಾಡುವುದೋ ಹೊಸದು ಸೇರಿಸುವುದೋ ಎಂಬ ಪ್ರಶ್ನೆಗೆ, ಡಿ-ಸ್ಪೇಸ್ ವಿಷಯದಲ್ಲಿ ಹೊಸದೇ ಸೂಕ್ತ ಎನ್ನುತ್ತೇನೆ. ಅಲ್ಲಿ ಬೆಳೆಯುತ್ತಿರುವುದು ಪಿಡಿಎಫ್‌ಗಳಿರುವ 'ಅಸೆಟ್‌ಸ್ಟೋರ್' ಫೋಲ್ಡರ್ ಒಂದೇ; ಪೋಸ್ಟ್‌ಗ್ರೆಸ್ ಡೇಟಾಬೇಸಿನ ದತ್ತಾಂಶ ಅದರ ಮುಂದೆ ಚಿಕ್ಕದು. ಅಸೆಟ್‌ಸ್ಟೋರ್ ಬೇರೆ ಡಿಸ್ಕಿನಲ್ಲಿದ್ದರೆ ಯಾರೋ ಒಂದು ರಾತ್ರಿ ಇಡೀ ಕಪಾಟು ಅಪ್‌ಲೋಡ್ ಮಾಡಿದರೂ ರೂಟ್ ತುಂಬಿ ಪೋಸ್ಟ್‌ಗ್ರೆಸ್ ನಿಲ್ಲುವ ಪ್ರಸಂಗ ಬರುವುದಿಲ್ಲ.

ಸ್ಥಳಾಂತರ ಹೀಗೆ ಮಾಡಿ. ಹೊಸ ಡಿಸ್ಕನ್ನು ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡುವಾಗ ರೂಟ್ ಬಳಕೆದಾರನಿಗೆಂದು ಕಾದಿರಿಸುವ 5 ಪ್ರತಿಶತವನ್ನು 1ಕ್ಕೆ ಇಳಿಸಿ. ಶುದ್ಧ ದತ್ತಾಂಶದ ಡಿಸ್ಕಿನಲ್ಲಿ 25 ಜಿಬಿ ಸುಮ್ಮನೆ ಬಿಡಲು ಕಾರಣವಿಲ್ಲ. ತಾತ್ಕಾಲಿಕ ಜಾಗದಲ್ಲಿ ಮೌಂಟ್ ಮಾಡಿ, ಸೇವೆ ನಡೆಯುತ್ತಿರುವಾಗಲೇ 'ಆರ್‌ಸಿಂಕ್'ನಿಂದ ಒಮ್ಮೆ ಪೂರ್ತಿ ನಕಲು ಮಾಡಿ. ಬೆಳಗಿನ ಜಾವ ಡಿ-ಸ್ಪೇಸ್ ಅನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರ್ ಮಾತ್ರ ನಿಲ್ಲಿಸಿ ಮತ್ತೊಮ್ಮೆ ಆರ್‌ಸಿಂಕ್ ಓಡಿಸಿದರೆ ವ್ಯತ್ಯಾಸವಷ್ಟೇ ನಕಲಾಗುವುದರಿಂದ ಬೇಗ ಮುಗಿಯುತ್ತದೆ. ಬಳಿಕ ಹಳೆಯ ಫೋಲ್ಡರಿನ ಹೆಸರು ಬದಲಿಸಿ, ಅದೇ ಹೆಸರಿನ ಖಾಲಿ ಫೋಲ್ಡರ್ ರಚಿಸಿ, ಹೊಸ ಡಿಸ್ಕನ್ನು ಅಲ್ಲಿಗೆ ಮೌಂಟ್ ಮಾಡಿ, ಟಾಮ್‌ಕ್ಯಾಟ್ ಬಳಕೆದಾರನ ಹೆಸರಿಗೆ ಮಾಲೀಕತ್ವ ಇದೆಯೇ ಎಂದು ನೋಡಿ ಸೇವೆ ಆರಂಭಿಸಿ. ಹಳೆಯ ಫೋಲ್ಡರಿನ ಮೇಲೆಯೇ ನೇರವಾಗಿ ಮೌಂಟ್ ಮಾಡಿದರೆ ಹಳೆಯ ಫೈಲುಗಳು ಕೆಳಗೆ ಅಡಗಿಕೊಂಡು ಕಣ್ಣಿಗೆ ಕಾಣದಂತೆ ಜಾಗ ಹಿಡಿದಿರುತ್ತವೆ.

ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್‌ನಲ್ಲಿ ವಿಡಿಬಿ ಎಂದು ಬರೆಯದೆ ಫೈಲ್ ಸಿಸ್ಟಂನ ಗುರುತಾದ ಯುಯುಐಡಿ ಬರೆಯಿರಿ. ಅದೇ ಸಾಲಿನಲ್ಲಿ 'ನೋಫೇಲ್' ಆಯ್ಕೆ ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ವಿಎಂ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಇದ್ದರೆ ಡಿಸ್ಕ್ ಇಲ್ಲದೆಯೂ ಬೂಟ್ ಆಗಿ, ಡಿ-ಸ್ಪೇಸ್ ಹೊಸ ಪಿಡಿಎಫ್‌ಗಳನ್ನು ಖಾಲಿ ಫೋಲ್ಡರಿಗೆ, ಅಂದರೆ ರೂಟ್‌ಗೆ, ಬರೆಯುತ್ತಾ ಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ನೋಫೇಲ್ ಇಟ್ಟುಕೊಂಡು, ಟಾಮ್‌ಕ್ಯಾಟ್‌ನ ಸಿಸ್ಟಂಡಿ (ಸೇವೆಗಳನ್ನು ಆರಂಭಿಸುವ ವ್ಯವಸ್ಥೆ) ಫೈಲಿನಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂಬ ಸಾಲಿನ ಮುಂದೆ ಅಸೆಟ್‌ಸ್ಟೋರ್‌ನ ಪೂರ್ಣ ಹಾದಿ ಬರೆದರೆ, ಡಿಸ್ಕ್ ಮೌಂಟ್ ಆಗದೆ ಟಾಮ್‌ಕ್ಯಾಟ್ ಆರಂಭವಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 'ವಿಫ್ರೀ' ನೀವು ಹೇಳಿದಂತೆ 39 ಜಿಬಿ ತೋರಿಸಿತು, ಅದರಲ್ಲಿ 15 ಜಿಬಿಯನ್ನು ರೂಟ್‌ಗೆ ಕೊಟ್ಟಿದ್ದೇನೆ, ಸೇವೆ ನಿಲ್ಲಲಿಲ್ಲ. ಪ್ರಯೋಗದ ವಿಎಂನಲ್ಲಿ ಸಬ್‌ಡ್ರೈವರ್ ಸೇರಿಸಿ ಜೋಡಿಸಿದಾಗ 500 ಜಿಬಿ ಸರಿಯಾಗಿ ಬಂತು. ಇನ್ನೊಂದು ಸಂದೇಹ: ಮುಂದೆ ಈ ಹೊಸ ಡಿಸ್ಕೂ ತುಂಬಿದರೆ ಅದನ್ನು ಬೆಳೆಸಲು ಅನುಕೂಲವಾಗುವಂತೆ ಈಗಲೇ ಪಾರ್ಟಿಷನ್ ಅಥವಾ ಎಲ್‌ವಿಎಂ ಮಾಡಿಟ್ಟುಕೊಳ್ಳಬೇಕೇ?

ಮೂರನೆಯ ಉತ್ತರ

ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಎಲ್‌ವಿಎಂ ಪಕ್ಷಪಾತಿಗಳು ಒಪ್ಪಲಿಕ್ಕಿಲ್ಲ. ವಿಎಂನ ಡಿಸ್ಕನ್ನು ಹೋಸ್ಟ್ ಕಡೆಯಿಂದಲೇ ಬೆಳೆಸಬಹುದಾದ್ದರಿಂದ ಒಳಗೆ ಮತ್ತೊಂದು ಪದರ ಇಟ್ಟರೆ ಬೆಳೆಸುವಾಗಲೆಲ್ಲ ಅದಕ್ಕೂ ಹೇಳಬೇಕಾಗುತ್ತದೆ, ಅಷ್ಟೇ ಲಾಭ. ಇಡೀ ವಿಡಿಬಿಯನ್ನು ಪಾರ್ಟಿಷನ್ ಇಲ್ಲದೆ ನೇರವಾಗಿ ಇಎಕ್ಸ್‌ಟಿ4 ಮಾಡಿದರೆ, ಬೆಳೆಸುವ ದಿನ ಹೋಸ್ಟ್‌ನಲ್ಲಿ 'ವಿರ್ಶ್ ಬ್ಲಾಕ್‌ರಿಸೈಜ್', ವಿಎಂ ಒಳಗೆ 'ರಿಸೈಜ್2ಎಫ್ಎಸ್', ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ವರ್ಟ್‌ಐಒ ಡಿಸ್ಕಿನಲ್ಲಿ ಹೊಸ ಗಾತ್ರದ ಸುದ್ದಿ ವಿಎಂನ ಕರ್ನಲ್‌ಗೆ ತಾನಾಗಿಯೇ ತಲುಪುತ್ತದೆ. 'ಡಿಮೆಸೇಜ್' ನೋಡಿದರೆ ಹೊಸ ಗಾತ್ರದ ಸಾಲು ಸಿಗುತ್ತದೆ. ಇಎಕ್ಸ್‌ಟಿ4 ಬದಲು ಎಕ್ಸ್ಎಫ್ಎಸ್ ಬಳಸುವವರು 'ಎಕ್ಸ್ಎಫ್ಎಸ್-ಗ್ರೋಎಫ್ಎಸ್' ಕಮಾಂಡಿಗೆ ಡಿಸ್ಕಿನ ಹೆಸರಿನ ಬದಲು ಮೌಂಟ್ ಆದ ಜಾಗವನ್ನು ಕೊಡಬೇಕು.

ಬ್ಲಾಕ್‌ರಿಸೈಜ್‌ನಲ್ಲಿ ಸಂಖ್ಯೆಯ ಕೊನೆಗೆ 'ಜಿ' ಅಕ್ಷರ ಸೇರಿಸದಿದ್ದರೆ ಅದು ಕಿಲೋಬೈಟ್ ಎಂದು ತಿಳಿಯುತ್ತದೆ. 700 ಜಿಬಿಗೆ ಏರಿಸಬೇಕಾದವರು ಬರಿಯ 700 ಎಂದು ಬರೆದರೆ, ನಡೆಯುತ್ತಿರುವ ಡಿಸ್ಕನ್ನು 700 ಕಿಲೋಬೈಟ್‌ಗೆ ಇಳಿಸಲು ಹೊರಟಂತೆ. ಎಂಟರ್ ಒತ್ತುವ ಮೊದಲು ಆ ಸಾಲನ್ನು ಇನ್ನೊಬ್ಬರಿಂದ ಓದಿಸಿ. ಚಾಲನೆಯಲ್ಲಿರುವ ವಿಎಂನ ಫೈಲಿನ ಮೇಲೆ ಹೋಸ್ಟ್‌ನಿಂದ ನೇರವಾಗಿ 'ಕ್ಯೂಎಮು-ಇಮೇಜ್ ರಿಸೈಜ್' ಮಾಡಲೂ ಬಾರದು. 2017ರಲ್ಲಿ ಬಂದ ಕ್ಯೂಎಮು 2.10ರಿಂದ ಈಚೆಗೆ ಫೈಲಿಗೆ ಬೀಗ ಬೀಳುವುದರಿಂದ ಅದು ತಾನೇ ನಿರಾಕರಿಸುತ್ತದೆ. ಬೀಗವನ್ನು ತಪ್ಪಿಸುವ ಆಯ್ಕೆಗಳನ್ನು ಹುಡುಕಿಕೊಂಡು ಹೋಗಬೇಡಿ.

ಮೊದಲ 80 ಜಿಬಿ ಡಿಸ್ಕನ್ನೇ ಬೆಳೆಸಬೇಕಾಗಿ ಬಂದರೆ ಅಲ್ಲಿ ಪದರಗಳು ಮೊದಲೇ ಇರುವುದರಿಂದ ಕ್ರಮ ಉದ್ದವಾಗುತ್ತದೆ: ಬ್ಲಾಕ್‌ರಿಸೈಜ್ ಆದ ಮೇಲೆ ಎಲ್‌ವಿಎಂ ಇರುವ ಮೂರನೆಯ ಪಾರ್ಟಿಷನ್‌ಗೆ 'ಗ್ರೋಪಾರ್ಟ್', ನಂತರ 'ಪಿವಿರಿಸೈಜ್', ಕೊನೆಗೆ 'ಎಲ್‌ವಿಎಕ್ಸ್‌ಟೆಂಡ್'. ಗ್ರೋಪಾರ್ಟ್‌ಗೆ ಡಿಸ್ಕಿನ ಹೆಸರು ಮತ್ತು ಪಾರ್ಟಿಷನ್ ಸಂಖ್ಯೆಯ ನಡುವೆ ಜಾಗ ಬಿಡಬೇಕು. ರೂಟ್ ನೂರಕ್ಕೆ ನೂರು ತುಂಬಿದ ಮೇಲೆ ಇದನ್ನು ಮಾಡಲು ಹೋದರೆ, ತಾತ್ಕಾಲಿಕ ಫೋಲ್ಡರ್ ರಚಿಸಲೂ ಜಾಗವಿಲ್ಲದೆ ಗ್ರೋಪಾರ್ಟ್ ವಿಫಲವಾಗುತ್ತದೆ. ಆಗ 'ಟಿಎಂಪಿ' ಫೋಲ್ಡರಿನ ಮೇಲೆ ಸ್ವಲ್ಪ ಹೊತ್ತು ಮೆಮೊರಿಯಲ್ಲಿ ನಡೆಯುವ ಒಂದು ಚಿಕ್ಕ 'ಟಿಎಂಪಿಎಫ್ಎಸ್' ಮೌಂಟ್ ಮಾಡಿಕೊಂಡರೆ ನಡೆಯುತ್ತದೆ.

ನಾಲ್ಕನೆಯ ಉತ್ತರ

ಹೋಸ್ಟ್‌ನಲ್ಲಿ ನಿಜವಾಗಿ 500 ಜಿಬಿ ಖಾಲಿ ಇದೆಯೇ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕ್ಯೂಕೌ2 ಬರೆದಷ್ಟು ಮಾತ್ರ ಬೆಳೆಯುವುದರಿಂದ 300 ಜಿಬಿ ಖಾಲಿ ಇರುವ ಹೋಸ್ಟ್‌ನಲ್ಲೂ 500 ಜಿಬಿಯ ಡಿಸ್ಕ್ ತಕರಾರಿಲ್ಲದೆ ರಚನೆಯಾಗುತ್ತದೆ. ತೊಂದರೆ ಬರುವುದು ತಿಂಗಳುಗಳ ನಂತರ. ಹೋಸ್ಟ್ ತುಂಬಿದ ಕ್ಷಣ ಬರೆಯಲು ಹೋದ ವಿಎಂ ಅಲ್ಲಿಯೇ ತಡೆಹಿಡಿಯಲ್ಪಡುತ್ತದೆ. ವೆಬ್‌ಸೈಟ್ ತೆರೆಯುವುದಿಲ್ಲ, ಪಿಂಗ್‌ಗೂ ಉತ್ತರವಿಲ್ಲ. ವಿಎಂ ಒಳಗೆ ಡಿಎಫ್ ನೋಡೋಣವೆಂದರೆ ಲಾಗಿನ್ ಆಗುವುದೇ ಇಲ್ಲ. ಆಗಿದ್ದರೂ ಅಲ್ಲಿ ಧಾರಾಳ ಜಾಗ ಎಂದೇ ಬರುತ್ತಿತ್ತು. ಹೋಸ್ಟ್‌ನಲ್ಲಿ 'ಡೊಮ್‌ಸ್ಟೇಟ್' ಕಮಾಂಡಿಗೆ 'ರೀಸನ್' ಆಯ್ಕೆ ಸೇರಿಸಿದರೆ ಐ/ಒ (ಓದು-ಬರಹ) ದೋಷದಿಂದ ವಿಎಂ ತಡೆಹಿಡಿಯಲ್ಪಟ್ಟಿದೆ ಎಂದೂ, 'ಡೊಮ್‌ಬ್ಲಾಕ್‌ಎರರ್' ಕೊಟ್ಟರೆ ಯಾವ ಡಿಸ್ಕಿಗೆ ಜಾಗ ಸಿಗಲಿಲ್ಲ ಎಂದೂ ತಿಳಿಯುತ್ತದೆ. ಹೋಸ್ಟ್‌ನಲ್ಲಿ ಜಾಗ ಮಾಡಿಕೊಟ್ಟು 'ರೆಸ್ಯೂಮ್' ಮಾಡಿದರೆ ವಿಎಂ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಅದೇ ಹೋಸ್ಟ್‌ನಲ್ಲಿ ನಿಮ್ಮ ಕಾಲೇಜಿನ ಬೇರೆ ವಿಎಂಗಳೂ ಇದ್ದರೆ ಅವೂ ಒಂದರ ಹಿಂದೊಂದು ನಿಲ್ಲುತ್ತವೆ ಎಂಬುದು ನೆನಪಿರಲಿ.

ಆದ್ದರಿಂದ ಹೋಸ್ಟ್‌ನಲ್ಲಿ ಇರುವಷ್ಟಕ್ಕೇ ಡಿಸ್ಕ್ ರಚಿಸಿ, ಸಾಧ್ಯವಿದ್ದರೆ 'ಪ್ರಿಅಲೊಕೇಷನ್' ಆಯ್ಕೆಗೆ 'ಎಫ್-ಅಲಾಕ್' ಎಂಬ ಬೆಲೆ ಕೊಟ್ಟು ಜಾಗವನ್ನು ಮೊದಲೇ ಕಾದಿರಿಸಿ. ಬೆಳೆಸುವುದು ಎಷ್ಟು ಸುಲಭವೆಂದು ಮೇಲಿನವರು ವಿವರಿಸಿರುವುದರಿಂದ 200 ಜಿಬಿಯಿಂದ ಆರಂಭಿಸಿದರೂ ನಷ್ಟವಿಲ್ಲ. 'ಡೊಮ್‌ಬ್ಲಾಕ್‌ಇನ್ಫೊ' ಕೊಟ್ಟಾಗ ಬರುವ ಕೆಪ್ಯಾಸಿಟಿ ಮತ್ತು ಅಲೊಕೇಷನ್ ಸಾಲುಗಳನ್ನು ಎಲ್ಲ ವಿಎಂಗಳಿಗೂ ಕೂಡಿಸಿ ಹೋಸ್ಟ್‌ನ ಗಾತ್ರದೊಂದಿಗೆ ಹೋಲಿಸಿದರೆ ಎಷ್ಟು ಸಾಲದ ಮೇಲೆ ನಡೆಯುತ್ತಿದ್ದೀರಿ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಮಾತು ಬ್ಯಾಕಪ್ ಬಗ್ಗೆ. ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಮೊದಲ ಡಿಸ್ಕಿನ ಫೈಲನ್ನು ಹೆಸರು ಹಿಡಿದು ನಕಲು ಮಾಡುತ್ತಿದ್ದರೆ, ಅಸೆಟ್‌ಸ್ಟೋರ್ ಹೊಸ ಡಿಸ್ಕಿಗೆ ಹೋದ ರಾತ್ರಿಯಿಂದಲೇ ಪಿಡಿಎಫ್‌ಗಳು ಬ್ಯಾಕಪ್‌ನಿಂದ ಹೊರಗುಳಿಯುತ್ತವೆ, ಸ್ಕ್ರಿಪ್ಟ್ ಮಾತ್ರ ಯಶಸ್ವಿ ಎಂದೇ ವರದಿ ಮಾಡುತ್ತದೆ. ಹಳೆಯ ಫೋಲ್ಡರನ್ನು ಅಳಿಸುವ ಮೊದಲು ಹೊಸ ಡಿಸ್ಕಿನ ಬ್ಯಾಕಪ್‌ನಿಂದ ಯಾವುದಾದರೂ ಒಂದು ಪ್ರಶ್ನೆಪತ್ರಿಕೆಯನ್ನು ಹೊರತೆಗೆದು ತೆರೆದು ನೋಡಿ.