ಪದ ಬೇಕು: ‘ಲೇಸರ್ ಸರ್ಫೇಸ್ ಅಲಾಯಿಂಗ್’

ಪ್ರಶ್ನೆ: ನಾಳೆ ಸಂಜೆ ಅಚ್ಚಿಗೆ ಹೋಗಬೇಕಾದ ಪಠ್ಯದ ಅನುವಾದ. ಸ್ಟೇನ್‌ಲೆಸ್ ಸ್ಟೀಲಿನ ಮೇಲ್ಪದರವನ್ನು ಲೇಸರಿನಿಂದ ಕರಗಿಸಿ, ಕರಗಿನೊಳಕ್ಕೆ ಮಾಲಿಬ್ಡಿನಂ ಲೋಹದ ಪುಡಿ ಬೆರೆಸುತ್ತಾರೆ. ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಒಳಗಿನ ಲೋಹ ಇದ್ದಂತೆಯೇ ಇರುತ್ತದೆ. ‘ಲೇಸರ್ ಮೇಲ್ಮೈ ಮಿಶ್ರಲೋಹೀಕರಣ’ ಎಂದು ಬರೆದೆ, ನಾಲಿಗೆ ಹೊರಳುತ್ತಿಲ್ಲ. ‘ಲೇಸರ್ ಲೇಪನ’ ನಡೆದೀತೇ? ‘ಕೊರೋಷನ್ ರೆಸಿಸ್ಟೆನ್ಸ್’ಗೆ ‘ತುಕ್ಕುನಿರೋಧ’ ಸಾಕೇ, ‘ಸಂಕ್ಷಾರಣ ನಿರೋಧ’ ಬೇಕೇ?

ಉತ್ತರ: ಲೇಪನ ಖಂಡಿತ ಅಲ್ಲ. ಲೇಪ ಮೇಲೆ ಕೂರುತ್ತದೆ. ಇಲ್ಲಿ ತಳದ ಉಕ್ಕೇ ಕರಗಿ ಪುಡಿಯೊಂದಿಗೆ ಒಂದಾಗುತ್ತದೆ. ಲೇಸರಿನಿಂದ ಮೇಲೊಂದು ಪದರ ಹೊದಿಸುವ ಲೇಸರ್ ಕ್ಲ್ಯಾಡಿಂಗ್ ಬೇರೆ, ಅಲ್ಲಿ ತಳದ ಲೋಹ ಆದಷ್ಟು ಕಡಿಮೆ ಬೆರೆಯಬೇಕು. ‘ಹೊದಿಕೆ’ಯನ್ನು ಅದಕ್ಕೆ ಉಳಿಸಿ, ಇದಕ್ಕೆ ‘ಮೇಲ್ಪದರ ಬೆರಕೆ’ ಎನ್ನಿ. ಕಲಬೆರಕೆ ನೆನಪಾಗುತ್ತದೆಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ತುಕ್ಕು ಸಾಲದು, ಅದು ಕಬ್ಬಿಣದ ಕೆಂಪು ಪುಡಿ. ಈ ಉಕ್ಕನ್ನು ಕಾಯುವುದು ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪೊರೆ. ಉಪ್ಪುನೀರಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆದು ಸಣ್ಣ ಗುಳಿ ತೋಡುತ್ತದೆ. ಮಾಲಿಬ್ಡಿನಂ ತಡೆಯುವುದು ಆ ಗುಳಿಯನ್ನು. ಉಕ್ಕು ಗುಳಿಯನ್ನು ಎಷ್ಟು ತಡೆಯುತ್ತದೆಂದು ಹೇಳುವ ‘ಗುಳಿ ನಿರೋಧಾಂಕ’ದ ಲೆಕ್ಕದಲ್ಲಿ ಅದಕ್ಕೆ ಕ್ರೋಮಿಯಂನ 3.3 ಪಟ್ಟು ಮಹತ್ವ. ಆದ್ದರಿಂದ ನನ್ನ ಪದ ‘ಕೊರೆತ’. ಕಡಲ್ಕೊರೆತ ಎನ್ನುವವರಿಗೆ ಲೋಹದ ಕೊರೆತ ಏಕೆ ಬೇಡ? ‘ಕೊರೋಷನ್’ ಒಳಗೂ ನಮ್ಮ ‘ಕೊರೆ’ಯ ಸದ್ದಿದೆ.

ಮರುಉತ್ತರ: ಸದ್ದು ನಂಟಲ್ಲ. ಅಲ್ಲಿನ ‘ಕೊರ್’ ಉಪಸರ್ಗ. ಕಚ್ಚಿ ತಿನ್ನುವುದು ಲ್ಯಾಟಿನ್ನಿನ ‘ರೋಡೆರೆ’. ಕೊರೆತವೆಂದರೆ ನೀರು, ಮರಳು ಉಜ್ಜಿ ಸವೆಸುವುದು. ಆ ಸವೆತವೂ ಕೊರೋಷನ್ನೂ ಒಂದೇ ಪುಟದಲ್ಲಿ ಬಂದರೆ ಏನು ಮಾಡುತ್ತೀರಿ? ಲೇಸರ್, ಕ್ರೋಮಿಯಂ, ಮಾಲಿಬ್ಡಿನಂ ಮೂರನ್ನೂ ನುಂಗಿದವರಿಗೆ ಸಂಸ್ಕೃತದ ಒಂದು ಪದ ಗಂಟಲಲ್ಲಿ ಸಿಕ್ಕಿಕೊಳ್ಳುವುದು ತಮಾಷೆಯಾಗಿದೆ.

ಉತ್ತರ: ಲೇಸರ್ ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಗಂಟು, ಬಿಚ್ಚಿದರೆ ಹೆಸರೇ ಉಳಿಯುವುದಿಲ್ಲ. ವಸ್ತುವಿನ ಹೆಸರನ್ನು ಕಡ ತರುವುದು ಬೇರೆ, ಬೆರೆಸು ಎಂಬ ಧಾತು ಮನೆಯಲ್ಲಿಯೇ ಇರುವಾಗ ‘ಈಕರಣ’ ಹೊತ್ತು ತರುವುದು ಬೇರೆ. ‘ಸಂಕ್ಷಾರಣ’ ಓದಿದ ವಿದ್ಯಾರ್ಥಿ ಮೊದಲು ಹುಡುಕುವುದು ಕ್ಷಾರವನ್ನು, ಅಲ್ಲಿರುವುದು ಉಪ್ಪು.

ಮರುಉತ್ತರ: ಓದದ ವಿದ್ಯಾರ್ಥಿಗಾಗಿ ಪದಕೋಶ ಬರೆಯಲಾಗದು.

ಕೇಳಿದವರು: ಶೀರ್ಷಿಕೆಗೆ ‘ಲೇಸರ್ ಮೇಲ್ಪದರ ಬೆರಕೆ’, ಆ ಗುಳಿ ಬೀಳುವ ‘ಪಿಟಿಂಗ್’ಗೆ ‘ಗುಳಿಕೊರೆತ’ ತೆಗೆದುಕೊಂಡೆ. ‘ಸಂಕ್ಷಾರಣ’ ಇರಲಿ, ಹಿಂದಿನ ಅಧ್ಯಾಯಗಳಲ್ಲಿ ಈಗಾಗಲೇ ಅಚ್ಚಾಗಿದೆ. ಲೇಸರ್ ಬಿದ್ದಲ್ಲಿ ಕರಗಿ ನಿಲ್ಲುವ ಲೋಹದ ‘ಮೆಲ್ಟ್ ಪೂಲ್’ಗೆ ‘ಕರಗುಕೊಳ’ ಎಂದಿದ್ದೇನೆ. ವ್ಯುತ್ಪತ್ತಿ ಬೇಡ, ಹೌದು ಅಥವಾ ಅಲ್ಲ ಎಂದರೆ ಸಾಕು.

ಉತ್ತರ: ಅಲ್ಲ. ಕೊಳದ ನೀರು ನಿಂತಿರುತ್ತದೆ. ಈ ಕರಗು ಮೇಲ್ಮೈ ಎಳೆತದ ಏರುಪೇರಿನಿಂದ ಸುಳಿ ಸುತ್ತುತ್ತದೆ, ಪುಡಿ ಬೆರೆಯುವುದೇ ಹಾಗೆ. ‘ಕರಗುಮಡು’.