ಜೋನ್‌ಳನ್ನು ಸುಟ್ಟವರು ಯಾರು? ನಮ್ಮ ಮನೆ ಗುಂಪಿನ ಜಗಳ

(ಭಾನುವಾರ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಹೆಸರಿನ ಬದಲು ಸಂಬಂಧ ಬರೆದಿದ್ದೇನೆ. ನಡುವೆ ಬಂದ ನಾಮಕರಣದ ಊಟದ ಲೆಕ್ಕವನ್ನು ಆದಷ್ಟು ತೆಗೆದಿದ್ದೇನೆ.)

ದೊಡ್ಡಪ್ಪ: *ಫಾರ್ವರ್ಡ್ ಆಗಿದೆ* ಫ್ರಾನ್ಸಿನ ವೀರ ಸಂತಳು ಜೋನ್ ಆಫ್ ಆರ್ಕ್! ಕುರಿ ಕಾಯುತ್ತಿದ್ದ ಅನಾಥ ಹುಡುಗಿ. ದೇವರ ಧ್ವನಿ ಕೇಳಿ ಕತ್ತಿ ಹಿಡಿದಳು. ಒಬ್ಬಳೇ ಸಾವಿರಾರು ಇಂಗ್ಲಿಷ್ ಸೈನಿಕರನ್ನು ಕೊಂದಳು. ಹೆದರಿದ ಇಂಗ್ಲಿಷರು ಮಾಟಗಾತಿ ಎಂದು ಜೀವಂತ ಸುಟ್ಟರು. ಆದರೆ ಅವಳ ಹೃದಯ ಮಾತ್ರ ಸುಡಲಿಲ್ಲ! ಹತ್ತು ಜನರಿಗೆ ಕಳಿಸಿ.

ಅತ್ತೆ: ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು

ಪುಟ್ಟಿ: ದೊಡ್ಡಪ್ಪ, ಇದರಲ್ಲಿ ಸರಿಯಾಗಿರುವುದು ಹೆಸರೊಂದೇ.

ದೊಡ್ಡಪ್ಪ: ಇಷ್ಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ನೀನು ಲಾ ಓದುತ್ತಿರುವುದು ಕಾನೂನಿಗೆ. ಇತಿಹಾಸಕ್ಕಲ್ಲ.

ಪುಟ್ಟಿ: ಇದು ಕೇಸೇ ಅಲ್ವಾ ದೊಡ್ಡಪ್ಪ! ಎರಡು ಸಲ ವಿಚಾರಣೆ ಆದ ಕೇಸು. ಮೊದಲು ಅನಾಥೆ ಅನ್ನುವುದನ್ನು ತೆಗೆಯಿರಿ. ಹುಟ್ಟಿದ್ದು 1412ರ ಸುಮಾರಿಗೆ, ದೊಂರೆಮಿ ಎಂಬ ಹಳ್ಳಿಯಲ್ಲಿ. ಅಪ್ಪ ಜಾಕ್, ಅಮ್ಮ ಇಸಬೆಲ್ ರೊಮೆ. ಅಣ್ಣತಮ್ಮಂದಿರೂ ಇದ್ದರು. ಅಪ್ಪನಿಗೆ ಸ್ವಂತ ಜಮೀನಿತ್ತು. ಊರಿನ ತೆರಿಗೆ ವಸೂಲಿಯೂ ಅವನದೇ.

ಮಾವ: ಅಂದರೆ ನಮ್ಮ ಕಡೆ ಪಟೇಲರು ಇದ್ದ ಹಾಗೆ.

ಪುಟ್ಟಿ: ಹೆಚ್ಚುಕಡಿಮೆ ಹಾಗೇ ಮಾವ. ಕುರಿ ಕಾದ ಕಥೆಯನ್ನು ಅವಳೇ ರೂಆನ್‌ನಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ತಳ್ಳಿ ಹಾಕಿದಳು. ಮನೆಕೆಲಸ ಮಾಡುತ್ತಿದ್ದೆ, ನೂಲುವುದರಲ್ಲಿ ಹೊಲಿಯುವುದರಲ್ಲಿ ರೂಆನ್ ಊರಿನ ಯಾವ ಹೆಂಗಸಿಗೂ ನಾನು ಸೋಲುವುದಿಲ್ಲ ಅಂದಳು.

ಚಿಕ್ಕಮ್ಮ: ಭೇಷ್. ಜೀವ ಹೋಗುವ ಜಾಗದಲ್ಲಿ ನಿಂತು ಆ ಮಾತು!

ಅಣ್ಣ: ಅಪ್ಪಾ, ಸಾವಿರಾರು ಜನರನ್ನು ಒಬ್ಬಳೇ ಕೊಂದಳು ಅನ್ನುವುದು ಸ್ವಲ್ಪ ಜಾಸ್ತಿ ಆಯಿತು.

ನಾನು: ಸ್ವಲ್ಪ ಅಲ್ಲ. ಒಬ್ಬರನ್ನೂ ಕೊಂದಿಲ್ಲ ಅಂತ ಅವಳೇ ಹೇಳಿದ್ದಾಳೆ. ಕೊಲ್ಲುವುದು ಬೇಡ ಅಂತಲೇ ಯುದ್ಧದಲ್ಲಿ ಬಾವುಟ ಹಿಡಿಯುತ್ತಿದ್ದಳು. ಕತ್ತಿ ಇಷ್ಟವೋ ಬಾವುಟವೋ ಅಂತ ಕೇಳಿದ್ದಕ್ಕೆ, ಬಾವುಟ ನಲವತ್ತು ಪಟ್ಟು ಇಷ್ಟ ಅಂದಳು.

ಮಾವ: ಹಾಗಾದರೆ ಯುದ್ಧ ಗೆದ್ದಿದ್ದು ದಳಪತಿಗಳು. ಹೆಸರು ಬಂದಿದ್ದು ಹುಡುಗಿಗೆ. ಬ್ಯಾಂಕಿನಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ನಾನು: ಅದೂ ಪೂರ್ತಿ ಸರಿಯಲ್ಲ ಮಾವ. ಓರ್ಲಿಯನ್ಸ್ ಊರಿನದು ನೋಡಿ. 1428ರ ಅಕ್ಟೋಬರ್‌ನಿಂದ ಇಂಗ್ಲಿಷರು ಮುತ್ತಿಗೆ ಹಾಕಿ ಕೂತಿದ್ದರು. ಚಳಿಗಾಲ ಕಳೆದರೂ ಒಳಗಿನವರಿಗೆ ಬಿಡುಗಡೆ ಇರಲಿಲ್ಲ. ಇವಳು ಊರೊಳಗೆ ಹೋದದ್ದು 1429ರ ಏಪ್ರಿಲ್ 29ಕ್ಕೆ. ಮೇ 7ಕ್ಕೆ ಸೇತುವೆಯ ತುದಿಯ ಕೋಟೆ ಲೆ ತೂರೆಲ್ ಮೇಲೆ ದಾಳಿ. ಕುತ್ತಿಗೆ ಭುಜದ ನಡುವೆ ಬಾಣ ನೆಟ್ಟಿತು. ಸಂಜೆ ಆಯಿತು, ಇವತ್ತಿಗೆ ಸಾಕು ಅಂತ ದಳಪತಿ ದ್ಯುನ್ವಾ ಹಿಂದೆ ಸರಿಯಲು ಹೊರಟಿದ್ದ. ಬೇಡ ಅಂದವಳು ಇವಳು. ಗಾಯಕ್ಕೆ ಕಟ್ಟು ಕಟ್ಟಿಸಿಕೊಂಡು ವಾಪಸ್ ಹೋಗಿ ಬಾವುಟ ಹಿಡಿದು ನಿಂತಳು. ಅವತ್ತೇ ಕೋಟೆ ಬಿತ್ತು. ಮರುದಿನ ಇಂಗ್ಲಿಷರು ಮುತ್ತಿಗೆ ಬಿಟ್ಟು ಹೋದರು. ಹಿಂದೆ ಸರಿಯಬೇಕು ಅಂದ ದ್ಯುನ್ವಾನೇ ಮುಂದೆ ಸಾಕ್ಷಿ ಹೇಳುವಾಗ ಇದನ್ನು ಹೇಳಿದ್ದಾನೆ.

ಮಾವ: ದಳಪತಿಯೇ ಹೇಳಿದ್ದಾದರೆ ನಾನು ಸುಮ್ಮನಾಗುತ್ತೇನೆ. ಸದ್ಯಕ್ಕೆ.

ಅತ್ತೆ: ನಾಮಕರಣಕ್ಕೆ ಚಿರೋಟಿನಾ ಹೋಳಿಗೆನಾ ಯಾರಾದರೂ ಹೇಳಿ

ದೊಡ್ಡಪ್ಪ: ಹೋಳಿಗೆ. ಸರಿ, ಕುರಿ ಮತ್ತು ಕತ್ತಿ ಬಿಟ್ಟೆ. ಆದರೆ ಸುಟ್ಟಿದ್ದು ಇಂಗ್ಲಿಷರೇ. ಅದನ್ನು ಮಾತ್ರ ಯಾರೂ ಅಲ್ಲಗಳೆಯಬೇಡಿ.

ಪುಟ್ಟಿ: ಅಲ್ಲೇ ಇರುವುದು ಜಗಳ. ಹಿಡಿದವರು ಫ್ರಾನ್ಸಿನವರು. ಫ್ರಾನ್ಸಿನದೇ ಬರ್ಗಂಡಿ ಎಂಬ ಸೀಮೆಯ ಕಡೆಯವರು ಇಂಗ್ಲಿಷರ ಜೊತೆ ಸೇರಿದ್ದರು. 1430ರ ಮೇ 23ಕ್ಕೆ ಕಂಪಿಯೆನ್ ಊರಿನ ಹೊರಗೆ ಹಿಡಿದರು. ಊರಿನ ಸೇತುವೆ ಎತ್ತಿಬಿಟ್ಟಿದ್ದರು. ಅವಳು ಹೊರಗೇ ಉಳಿದಳು. ಒಬ್ಬ ಬಿಲ್ಲುಗಾರ ಕುದುರೆಯಿಂದ ಎಳೆದು ಹಾಕಿದ. ಆಮೇಲೆ 10,000 ಲಿವ್ರ್‌ಗೆ (ಆಗಿನ ಫ್ರಾನ್ಸಿನ ಹಣ) ಇಂಗ್ಲಿಷರಿಗೆ ಮಾರಿದರು. ವಿಚಾರಣೆ ಮಾಡಿದ ಬಿಷಪ್ ಪಿಯೆರ್ ಕೋಶೋನ್ ಫ್ರಾನ್ಸಿನವನು. ತಪ್ಪಿತಸ್ಥೆ ಅಂತ ಅಭಿಪ್ರಾಯ ಕೊಟ್ಟಿದ್ದು ಪ್ಯಾರಿಸ್ ವಿಶ್ವವಿದ್ಯಾಲಯ.

ಅಣ್ಣ: ಅವಳು ಪಟ್ಟ ಕಟ್ಟಿಸಿದ ರಾಜ ಎಲ್ಲಿದ್ದ?

ನಾನು: ಒಳ್ಳೆ ಪ್ರಶ್ನೆ. 1420ರ ಟ್ರೊಯೆ ಒಪ್ಪಂದದಲ್ಲಿ ಅವನ ಅಪ್ಪನೇ ಅವನನ್ನು ಬಿಟ್ಟು ಇಂಗ್ಲೆಂಡಿನ ರಾಜನನ್ನು ವಾರಸುದಾರ ಮಾಡಿದ್ದ. ಅಂಥವನನ್ನು ಶತ್ರುಗಳ ಸೀಮೆ ದಾಟಿಸಿ ರೀಮ್ಸ್ ಊರಿಗೆ ಕರೆದೊಯ್ದು 1429ರ ಜುಲೈ 17ಕ್ಕೆ ಪಟ್ಟ ಕಟ್ಟಿಸಿ ಏಳನೇ ಚಾರ್ಲ್ಸ್ ಮಾಡಿದ್ದು ಇವಳ ಹಟ. ಇವಳು ಸಿಕ್ಕಿಬಿದ್ದ ಮೇಲೆ ಅವನು ಬಿಡಿಸಿಕೊಳ್ಳಲಿಲ್ಲ. ಹಣ ಕೊಟ್ಟು ಸೆರೆಯಾಳು ಬಿಡಿಸುವುದು ಆ ಕಾಲದಲ್ಲಿ ಮಾಮೂಲಿ ವ್ಯವಹಾರ. ನನಗೆ ಬಿಷಪ್‌ಗಿಂತ ಇವನ ಮೇಲೆ ಜಾಸ್ತಿ ಸಿಟ್ಟು.

ದೊಡ್ಡಪ್ಪ: ದುಡ್ಡು ಕೊಟ್ಟವರು ಯಾರು? ಇಂಗ್ಲಿಷರು. ಸೆರೆಮನೆ ಯಾರದು? ಇಂಗ್ಲಿಷರದು. ಕಾವಲು ಯಾರದು?

ಪುಟ್ಟಿ: ಅದು ಸರಿ. ಚರ್ಚಿನ ಕೇಸು ಅಂದಮೇಲೆ ಚರ್ಚಿನ ಸೆರೆಯಲ್ಲಿ, ಹೆಂಗಸರ ಕಾವಲಿನಲ್ಲಿ ಇಡಬೇಕಿತ್ತು. ರೂಆನ್ ಕೋಟೆಯಲ್ಲಿ ಇಂಗ್ಲಿಷ್ ಸಿಪಾಯಿಗಳ ನಡುವೆ ಕಾಲಿಗೆ ಸಂಕೋಲೆ ಹಾಕಿ ಇಟ್ಟರು. ಇನ್ನೊಂದು ಇದೆ, ನಿಮಗೇ ಅನುಕೂಲ. 1431ರ ಜನವರಿಯಲ್ಲಿ ಅವಳನ್ನು ಬಿಷಪ್‌ಗೆ ಒಪ್ಪಿಸುವ ಪತ್ರದಲ್ಲೇ ಷರತ್ತು ಹಾಕಿದ್ದರು. ಚರ್ಚು ಬಿಟ್ಟುಬಿಟ್ಟರೆ ವಾಪಸ್ ನಮಗೇ ಕೊಡಬೇಕು ಅಂತ.

ದೊಡ್ಡಪ್ಪ: ಕೇಳಿದಿರಾ ಎಲ್ಲರೂ!

ಮಾವ: ಭಾವಾ, ಹಾಗಿದ್ದರೂ ಮಾಟಗಾತಿ ಅಂತ ತೀರ್ಪು ಇರಬೇಕಲ್ಲ?

ಪುಟ್ಟಿ: ಇಲ್ಲ ಮಾವ. ಮೊದಲು 70 ಆರೋಪ ಬರೆದಿದ್ದರು. ಅದರಲ್ಲಿ ಯಕ್ಷಿಣಿ ಮರ, ಮಂತ್ರದ ಬೇರು ಎಲ್ಲ ಇತ್ತು. ಅದನ್ನು 12ಕ್ಕೆ ಇಳಿಸಿದರು. ಕೊನೆಗೆ ಸುಟ್ಟಿದ್ದು ಧರ್ಮದ್ರೋಹಕ್ಕೆ. ಅದರಲ್ಲೂ ತಪ್ಪೊಪ್ಪಿಕೊಂಡು ಮತ್ತೆ ಅದೇ ತಪ್ಪು ಮಾಡಿದಳು ಅಂತ. ಮೇ 24ಕ್ಕೆ ಸ್ಮಶಾನದಲ್ಲಿ ಜನರ ಮುಂದೆ ನಿಲ್ಲಿಸಿ ಹೆದರಿಸಿ ತಪ್ಪೊಪ್ಪಿಗೆಗೆ ಸಹಿ ಹಾಕಿಸಿದರು. ಅಲ್ಲಿಯವರೆಗೆ ಗಂಡಸರ ಬಟ್ಟೆ ಹಾಕುತ್ತಿದ್ದವಳು ಇನ್ನು ಹೆಂಗಸರ ಬಟ್ಟೆ ಹಾಕುತ್ತೇನೆ ಅಂತ ಒಪ್ಪಿದಳು. ಸುಡುವುದು ತಪ್ಪಿತು, ಜೀವಾವಧಿ ಸೆರೆ ಆಯಿತು. ಮೇ 28ಕ್ಕೆ ಹೋಗಿ ನೋಡಿದರೆ ಗಂಡಸರ ಬಟ್ಟೆಯಲ್ಲಿದ್ದಾಳೆ. ಮುಗಿಯಿತು.

ಅತ್ತೆ: ಬಟ್ಟೆಗಾ??

ಚಿಕ್ಕಮ್ಮ: ನಾಲ್ಕು ದಿನ ಸಿಪಾಯಿಗಳ ಮಧ್ಯೆ ಲಂಗದಲ್ಲಿ ಕೂತವಳಿಗೆ ಯಾಕೆ ಬಟ್ಟೆ ಬದಲಿಸಿದೆ ಅಂತ ಕೇಳುತ್ತಾರಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡಿದವಳು ನಾನು. ಅವಳು ಯಾಕೆ ಪ್ಯಾಂಟು ಹಾಕಿದಳು ಅಂತ ನನಗೆ ಯಾವ ಪಾದ್ರಿಯೂ ಹೇಳಬೇಕಾಗಿಲ್ಲ.

ನಾನು: ಅವಳೂ ಅದನ್ನೇ ಹೇಳಿದಳು ಚಿಕ್ಕಮ್ಮ. ಗಂಡಸರ ನಡುವೆ ಇರುವಾಗ ಇದೇ ಸರಿ, ನೀವು ಸಂಕೋಲೆ ಬಿಚ್ಚುತ್ತೇವೆ ಅಂದದ್ದನ್ನು ನಡೆಸಿಕೊಡಲಿಲ್ಲ ಅಂತ. ಸಿಪಾಯಿಗಳು ಮೈಮೇಲೆ ಬಂದರು, ಲಂಗ ಕಿತ್ತುಕೊಂಡರು ಅಂತ ಮುಂದೆ ಸಾಕ್ಷಿಗಳು ಹೇಳಿದ್ದಾರೆ. ಆದರೆ ಅವಳನ್ನು ಮುಳುಗಿಸಿದ್ದು ಬಟ್ಟೆಗಿಂತ ಇನ್ನೊಂದು ಉತ್ತರ. ಧ್ವನಿಗಳು ಮತ್ತೆ ಬಂದವಾ ಅಂತ ಕೇಳಿದರು. ಬಂದವು, ಜೀವ ಉಳಿಸಿಕೊಳ್ಳಲು ಸಹಿ ಹಾಕಿದ್ದು ತಪ್ಪು ಅಂದವು ಅಂದಳು. ಆ ಉತ್ತರದ ಪಕ್ಕದಲ್ಲಿ ದಾಖಲೆ ಬರೆಯುವವನು ಲ್ಯಾಟಿನ್‌ನಲ್ಲಿ ಗೀಚಿದ್ದಾನೆ: ಸಾವು ತರುವ ಉತ್ತರ. ಅದು ಈಗಲೂ ಆ ಕಾಗದದ ಅಂಚಿನಲ್ಲಿದೆ.

ಅಣ್ಣ: ಅಬ್ಬಾ. ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದಳು.

ನಾನು: ನಾಲ್ಕು ದಿನದ ಹಿಂದೆ ಒಪ್ಪಿಕೊಂಡಿದ್ದೂ ಅವಳೇ. ಅದಕ್ಕೇ ನನಗೆ ಅವಳು ನಿಜ ಅನ್ನಿಸುವುದು. ಕಲ್ಲಿನ ಬೊಂಬೆ ಆಗಿದ್ದರೆ ಮೊದಲ ಸಲವೂ ಹೆದರುತ್ತಿರಲಿಲ್ಲ. ಮೇ 30ಕ್ಕೆ ಹಳೇ ಮಾರುಕಟ್ಟೆ ಚೌಕದಲ್ಲಿ ಸುಟ್ಟರು. 19ರ ಆಸುಪಾಸಿನ ವಯಸ್ಸು. ಬೂದಿ ಸೆನ್ ನದಿಗೆ.

ಅಣ್ಣ: ಅಪ್ಪಾ, ಉಳಿದದ್ದು ಏನೇ ಇರಲಿ, ಆ ಹೃದಯದ ಸಾಲು ತೆಗೆಯಿರಿ. ಅದು ಶುದ್ಧ ವಾಟ್ಸಾಪ್.

ನಾನು: ಇಡೀ ಮೆಸೇಜಿನಲ್ಲಿ ಹಳೇ ಸಾಲು ಅಂದರೆ ಅದೇ! ಎಣ್ಣೆ ಗಂಧಕ ಹಾಕಿದರೂ ಹೃದಯ ಸುಡಲಿಲ್ಲ ಅಂತ ಸುಟ್ಟವನೇ ಹೇಳಿದ ಎಂದು ಎರಡನೇ ವಿಚಾರಣೆಗೆ ಮುಂಚಿನ ತನಿಖೆಯಲ್ಲಿ ಪಾದ್ರಿಯೊಬ್ಬ ಸಾಕ್ಷಿ ಹೇಳಿದ್ದಾನೆ. ಸಾಕ್ಷಿ ಹೇಳಿದ್ದು ನಿಜ. ಹೃದಯ ಉಳಿದಿತ್ತೋ ಇಲ್ಲವೋ ಅದು ಬೇರೆ ಮಾತು.

ದೊಡ್ಡಪ್ಪ: ನೋಡಿ ಮತ್ತೆ.

ಪುಟ್ಟಿ: ಜಾಸ್ತಿ ಖುಷಿ ಪಡಬೇಡಿ ದೊಡ್ಡಪ್ಪ. ಅವಳ ಅವಶೇಷ ಅಂತ ಫ್ರಾನ್ಸಿನಲ್ಲಿ ಒಂದು ಬಾಟಲಿ ಜೋಪಾನ ಮಾಡಿದ್ದರು. 2007ರಲ್ಲಿ ಪರೀಕ್ಷೆಯ ಫಲ ಹೊರಬಂತು. ಈಜಿಪ್ಟಿನ ಮಮ್ಮಿಯ ಚೂರು, ಜೊತೆಗೆ ಬೆಕ್ಕಿನ ಮೂಳೆ.

ಮಾವ: ಬೆಕ್ಕಿಗೂ ಪೂಜೆ ಆಯಿತು.

ಚಿಕ್ಕಮ್ಮ: ಎರಡನೇ ವಿಚಾರಣೆ ಮಾಡಿಸಿದ್ದು ಯಾರು?

ಪುಟ್ಟಿ: ಅವಳ ಅಮ್ಮ. 1455ರ ನವೆಂಬರ್ 7ಕ್ಕೆ ಇಸಬೆಲ್ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿಗೆ ಬಂದು ಪೋಪನ ಪ್ರತಿನಿಧಿಗಳ ಮುಂದೆ ಮನವಿ ಕೊಟ್ಟಳು. ಮಗಳು ಸತ್ತು 24 ವರ್ಷ ಆಗಿತ್ತು. ಮುದುಕಿ. ಊರಿನ ಗೆಳತಿಯರಿಂದ ಹಿಡಿದು ದಳಪತಿಗಳವರೆಗೆ ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. 1456ರ ಜುಲೈ 7ಕ್ಕೆ ಹಳೇ ತೀರ್ಪು ರದ್ದು.

ಚಿಕ್ಕಮ್ಮ: ನಿಮ್ಮ ಮೆಸೇಜಿನಲ್ಲಿ ಇವಳನ್ನೇ ಇಲ್ಲ ಮಾಡಿ ಮಗಳನ್ನು ಅನಾಥೆ ಮಾಡಿದ್ದಾರಲ್ಲ ಭಾವ!

ಮಾವ: ಅಮ್ಮನ ಕಣ್ಣೀರಿಗೆ ಪೋಪ್ ಕರಗಿದ ಅಂತೀರಾ? ರಾಜನಿಗೆ ಬೇಕಿತ್ತು ಅಷ್ಟೇ. ಧರ್ಮದ್ರೋಹಿಯ ಕೈಯಿಂದ ಬಂದ ಕಿರೀಟ ಅನ್ನಿಸಿಕೊಳ್ಳುವುದು ಯಾವ ರಾಜನಿಗೆ ಇಷ್ಟ?

ನಾನು: ಅದು ನಿಜ. 1449ರಲ್ಲಿ ರೂಆನ್ ಅವನ ಕೈಗೆ ವಾಪಸ್ ಬಂತು. ಮೊದಲ ತನಿಖೆಗೆ ಅವನು ಅಪ್ಪಣೆ ಕೊಟ್ಟಿದ್ದು 1450ರಲ್ಲಿ. ಅಲ್ಲಿಯವರೆಗೆ ನೆನಪಾಗಿರಲಿಲ್ಲ.

ಚಿಕ್ಕಮ್ಮ: ಇರಲಿ. ರಾಜನಿಗೆ ಕಿರೀಟ ತೊಳೆದುಕೊಳ್ಳಬೇಕಿತ್ತು, ಅಮ್ಮನಿಗೆ ಮಗಳ ಹೆಸರು ಬೇಕಿತ್ತು. ಅವನ ನೆವದಲ್ಲಿ ಅವಳ ಕೆಲಸ ಆಯಿತು. ಅದಕ್ಕೆ ನೀವು ಅಮ್ಮನ ಪಾಲು ಕಡಿಮೆ ಮಾಡಬೇಡಿ.

ಅತ್ತೆ: ಚಿಕ್ಕಮ್ಮ ಹೇಳಿದ್ದು ಸರಿ. ಸಂತ ಪದವಿ ಆಗಲೇ ಕೊಟ್ಟರಾ?

ಪುಟ್ಟಿ: 1920ರ ಮೇ 16ಕ್ಕೆ ಅತ್ತೆ. ಸುಟ್ಟು ಸುಮಾರು 490 ವರ್ಷ.

ಅತ್ತೆ: ಅಯ್ಯೋ

ದೊಡ್ಡಪ್ಪ: ನಾನು ಇನ್ನೂ ಬಿಟ್ಟಿಲ್ಲ. ಪಾದ್ರಿಗಳು ಕೂಲಿಯವರು. ಸೌದೆ, ದುಡ್ಡು, ಕಾವಲು ಇಂಗ್ಲಿಷರದು. ಕೂಲಿಯವನ ಮೇಲೆ ಕೊಲೆ ಹಾಕುತ್ತೀಯಾ ಪುಟ್ಟಿ?

ಪುಟ್ಟಿ: ಕೂಲಿಯವರು ಇಲ್ಲ ಅನ್ನಬಹುದಿತ್ತು. ಝಾನ್ ಲೊಯ್ಯೆ ಎಂಬ ಕಾನೂನು ತಿಳಿದವನು ಈ ವಿಚಾರಣೆ ಕಾನೂನಿಗೆ ನಿಲ್ಲುವುದಿಲ್ಲ ಅಂತ ಹೇಳಿ ರೂಆನ್ ಬಿಟ್ಟು ಹೋದ. ನಿಕೊಲಾ ದ ಹೂಪ್‌ವಿಲ್ ಎಂಬವನೂ ತಕರಾರು ತೆಗೆದ. ಅವನನ್ನು ಸೆರೆಗೆ ಹಾಕಿದರು.

ದೊಡ್ಡಪ್ಪ: ಹಾಗೆ ಹೇಳಿದವರು ಇಬ್ಬರು. ಕೂತವರು ಎಷ್ಟು ಜನ?

ಪುಟ್ಟಿ: ಬೇರೆ ಬೇರೆ ದಿನದ್ದು ಸೇರಿಸಿದರೆ ನೂರರ ಮೇಲೆ.

ದೊಡ್ಡಪ್ಪ: ಒಬ್ಬ ಓಡಿಹೋಗಬೇಕಾಯಿತು, ಇನ್ನೊಬ್ಬ ಜೈಲಿಗೆ ಹೋದ. ಉಳಿದವರು ಬಾಯಿ ಮುಚ್ಚಿದರು. ಹೆದರಿಸಿದವರು ಯಾರಮ್ಮಾ?

ನಾನು: ಉಳಿದವರ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ ದೊಡ್ಡಪ್ಪ. ಕೋಶೋನ್ ಹೆದರಿದವನಲ್ಲ. ಎಷ್ಟೋ ವರ್ಷದಿಂದ ಇಂಗ್ಲಿಷರ ಸಂಬಳ ತಿಂದವನು. ಆಗ ರೂಆನ್‌ನ ಆರ್ಚ್‌ಬಿಷಪ್ ಹುದ್ದೆ ಖಾಲಿ ಇತ್ತು. ಅದು ಸಿಗಲಿಲ್ಲ. 1432ರಲ್ಲಿ ಲಿಸಿಯೋ ಊರಿಗೆ ಬಿಷಪ್ ಮಾಡಿದರು. 1442ರಲ್ಲಿ ಸತ್ತ. ಯಾವ ಶಿಕ್ಷೆಯೂ ಆಗಲಿಲ್ಲ.

ಅಣ್ಣ: ಪ್ರಮೋಷನ್‌ಗೆ ಮಾಡಿದನಾ?

ಮಾವ: ಪ್ರಮೋಷನ್ ಎಲ್ಲಿ ಬಂತು? ಬಿಷಪ್ ಆಗಿದ್ದವನು ಬಿಷಪ್ ಆಗಿಯೇ ಉಳಿದ. ಬರೀ ಟ್ರಾನ್ಸ್‌ಫರ್.

ದೊಡ್ಡಪ್ಪ: ಸರಿ, ಅವನ ಹೆಸರೂ ಸೇರಿಸಿ ಬರೆದು ಕೊಡು. ರಾಜನದೂ ಹಾಕು. ಇಂಗ್ಲಿಷರನ್ನು ಮಾತ್ರ ನಾನು ತೆಗೆಯುವುದಿಲ್ಲ.