ಅಪ್‌ಡೇಟ್: ಎಸ್‌ಎಸ್‌ಬಿಯ ಮೊದಲ ದಿನವನ್ನು ಕೊನೆಗೂ ದಾಟಿದೆ

ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಲಿಖಿತ ಪರೀಕ್ಷೆ ಪಾಸಾದರೂ ಹಿಂದಿನ ಸಲ ಎಸ್‌ಎಸ್‌ಬಿಯ, ಅಂದರೆ ಅದರ ನಂತರದ ಐದು ದಿನಗಳ ಆಯ್ಕೆ ಸಂದರ್ಶನದ, ಮೊದಲ ದಿನವೇ ಮನೆಗೆ ಮರಳಿದ್ದೆ, ಏನು ಮಾಡಲಿ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಈ ಬಾರಿ ಬೆಂಗಳೂರಿನಲ್ಲಿ ಐದೂ ದಿನ ಉಳಿದೆ, ಆಯ್ಕೆಗೆ ಶಿಫಾರಸೂ ಆಯಿತು! ಅಮ್ಮನಿಗೆ ಫೋನ್ ಮಾಡಿದಾಗ ಮಾತೇ ಹೊರಡಲಿಲ್ಲ.

ಮೊದಲ ದಿನ ಒಂದು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಆಮೇಲೆ ಅದನ್ನು ಹೇಳಿ ಗುಂಪಿನಲ್ಲಿ ಚರ್ಚಿಸಬೇಕು. ಇದಕ್ಕೆ ಸಿದ್ಧ ಕಥೆಗಳನ್ನು ಬಾಯಿಪಾಠ ಮಾಡುವ ಸಲಹೆ ಕೈಕೊಟ್ಟಿತು. ಚಿತ್ರ ಕಾಣುವುದು ಕೇವಲ 30 ಸೆಕೆಂಡು. ಅಭ್ಯಾಸದಲ್ಲಿ ನನ್ನ ಯಾವ ಕಥೆಯೂ ಅದಕ್ಕೆ ಹೊಂದಲಿಲ್ಲ. ಚರ್ಚೆಯಲ್ಲಿ ದನಿ ಏರಿಸುವುದಂತೂ ಹಿಂದಿನ ಸಲವೇ ಸೋತಿತ್ತು. ಫಲಿಸಿದ್ದು ನಿವೃತ್ತ ಸುಬೇದಾರರೊಬ್ಬರ ಮಾತು: ಕಂಡದ್ದನ್ನು ಮಾತ್ರ ಬರೆ, ಒಂದು ನಿಮಿಷದಲ್ಲಿ ನಿನ್ನದೇ ಮಾತಿನಲ್ಲಿ ಹೇಳು, ಉಳಿದವರ ಕಥೆ ಕೇಳಿಸಿಕೋ. ದಿನಕ್ಕೆ ಹತ್ತು ಚಿತ್ರ ಹಿಡಿದು ತಂಗಿಯ ಮುಂದೆ ಕಥೆ ಹೇಳಿದೆ. ಆ ಸುಬೇದಾರರಿಗೆ ನನ್ನ ನಮಸ್ಕಾರ.

ತಿಳಿಯದೇ ಇದ್ದ ಸಂಗತಿ: ಶಿಫಾರಸಾದರೆ ಮುಗಿಯುವುದಿಲ್ಲ. ವೈದ್ಯಕೀಯ ಪರೀಕ್ಷೆಯಿದೆ, ಲಿಖಿತ 900, ಎಸ್‌ಎಸ್‌ಬಿ 900 ಅಂಕ ಕೂಡಿಸಿ ಅರ್ಹತಾ ಪಟ್ಟಿ ಬರುತ್ತದೆ. 2025ರ ಮೇ 30ರಂದು ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ತರಬೇತಿ ಮುಗಿಸಿ ಪಥಸಂಚಲನದಲ್ಲಿ ಹೆಜ್ಜೆ ಹಾಕಿದ ಮೊದಲ 17 ಯುವತಿಯರ ಚಿತ್ರ ನನ್ನ ಮೇಜಿನ ಮೇಲಿದೆ. ಪಟ್ಟಿ ಬಂದ ದಿನ ಮತ್ತೆ ಬರೆಯುತ್ತೇನೆ.